ಚಿಕ್ಕ ಕಾರಿನ ದೋಣಿಗೆ 15 ಮೀಟರ್ ಹಗ್ಗ

ಏಪ್ರಿಲ್ ಬಂತೆಂದರೆ ಇಂಗ್ಲೆಂಡಿನ ಡೆವನ್ ಕರಾವಳಿಯಲ್ಲಿರುವ ನಮ್ಮ ಟ್ರೇಲರ್ ರಿಪೇರಿ ಷೆಡ್ಡಿಗೆ ಬರುವವರಲ್ಲಿ ಒಬ್ಬಿಬ್ಬರಾದರೂ ಕನ್ನಡದವರು ಇರುತ್ತಾರೆ. ಎಕ್ಸೆಟರ್, ಬ್ರಿಸ್ಟಲ್ ಕಡೆ ಆಸ್ಪತ್ರೆಯಲ್ಲೋ ಕಂಪ್ಯೂಟರ್ ಕಂಪನಿಯಲ್ಲೋ ಕೆಲಸ. ಹಿಂದಿನ ಬೇಸಿಗೆಯಲ್ಲಿ ಹಾಯಿ ಹಿಡಿಯುವುದನ್ನು ಕಲಿತು, ಚಳಿಗಾಲದಲ್ಲಿ ಯಾರದೋ ಹಳೆಯ ದೋಣಿಯನ್ನು ಅಗ್ಗಕ್ಕೆ ಕೊಂಡಿರುತ್ತಾರೆ. ಕಾರು ಮಾತ್ರ ಪೇಟೆಯ ಓಡಾಟಕ್ಕೆಂದು ತೆಗೆದುಕೊಂಡ ಚಿಕ್ಕ ಕಾರು. ಎಲ್ಲರ ಪ್ರಶ್ನೆಯೂ ಒಂದೇ: "ಸರ್, ನಮ್ಮ ಕಾರು ಇದನ್ನು ಎಳೆಯುತ್ತದೆಯೇ?"

ಎಳೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ 400 ಕೆ.ಜಿ. ಎಳೆಯುವುದು ಇಂದಿನ ಯಾವ ಎಂಜಿನ್ನಿಗೂ ದೊಡ್ಡ ಕೆಲಸವಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ಇಷ್ಟು ಭಾರವನ್ನು ಈ ಕಾರು ನಿಲ್ಲಿಸುತ್ತದೆಯೇ? ನೀರಿನ ಅಂಚಿನ ಇಳಿಜಾರಿನಿಂದ ಮತ್ತೆ ಮೇಲೆ ಹತ್ತುತ್ತದೆಯೇ?

ಮೊದಲನೆಯದಕ್ಕೆ ಇಲ್ಲಿನ ಕಾನೂನೇ ಗೆರೆ ಎಳೆದಿದೆ. ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ 750 ಕೆ.ಜಿ. ಮೀರಬಾರದು, ಕಾರಿನ ಖಾಲಿ ತೂಕದ ಅರ್ಧವನ್ನೂ ಮೀರಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಕಾರು 980 ಕೆ.ಜಿ. ಇದ್ದರೆ 490. ಕಾರು ತಯಾರಿಸಿದವರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತೇ ಕೊನೆ. ಅದು ಗೊತ್ತಾಗುವುದು ಕಾರಿನ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಕೆಳಗೋ ಇರುವ ಲೋಹದ ಫಲಕದಲ್ಲಿ. ಅದರಲ್ಲಿ ನಾಲ್ಕು ತೂಕಗಳಿರುತ್ತವೆ. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕ, ಉಳಿದೆರಡು ಮುಂದಿನ ಮತ್ತು ಹಿಂದಿನ ಅಚ್ಚುಗಳದ್ದು. ಎರಡನೆಯ ಅಂಕಿ ಇಲ್ಲದಿದ್ದರೆ ಅಥವಾ ಮೊದಲನೆಯದಕ್ಕೆ ಸಮನಾಗಿದ್ದರೆ ಆ ಕಾರಿಗೆ ಏನನ್ನೂ ಎಳೆಯಲು ಒಪ್ಪಿಗೆಯಿಲ್ಲ ಎಂದೇ ಅರ್ಥ. ಕೆಲವು ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳು ಹೀಗಿವೆ. ದೋಣಿಗೆ ಮುಂಗಡ ಕೊಡುವ ಮೊದಲು ಈ ಫಲಕವನ್ನು ಓದಿ.

ದೋಣಿಯ ತೂಕವನ್ನು ಜಾಹೀರಾತಿನಿಂದ ಲೆಕ್ಕ ಹಾಕಬೇಡಿ. ಇಲ್ಲಿ ಹೆಚ್ಚಾಗಿ ಕಾಣುವ ವೇಫೇರರ್ ದೋಣಿಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಇಯಾನ್ ಪ್ರಾಕ್ಟರ್ ವಿನ್ಯಾಸ ಮಾಡಿದ ದೋಣಿ, 4.82 ಮೀಟರ್ ಉದ್ದ. ಫ್ರಾಂಕ್ ಡೈ ಎಂಬಾತ 1963ರಲ್ಲಿ ಇಂಥದ್ದೇ ಮುಚ್ಚಿಗೆಯಿಲ್ಲದ ದೋಣಿಯಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಹೋದರು. ಅದರ ಬರಿಯ ಒಡಲು 169 ಕೆ.ಜಿ. ಕೂವೆ (ಹಾಯಿ ಕಟ್ಟುವ ಕಂಬ), ಹಾಯಿ, ಚುಕ್ಕಾಣಿ, ಹುಟ್ಟು, ಲಂಗರು, ಟ್ರೇಲರ್ ಎಲ್ಲ ಸೇರಿದಾಗ 400ರ ಹತ್ತಿರ ಬರುತ್ತದೆ. ಅದರ ಮೇಲೆ ಚಿಕ್ಕ ಮೋಟಾರು, ಡೇರೆ, ನೀರಿನ ಕ್ಯಾನು. ಒಮ್ಮೆ ಲಾರಿಗಳನ್ನು ತೂಗುವ ವೇಬ್ರಿಜ್‌ಗೆ ಒಯ್ದು ನಿಜವಾದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ದೋಣಿಯೊಳಗೆ ಮಳೆನೀರು ನಿಂತಿದ್ದರೆ ಅದನ್ನೂ ನೀವು ಎಳೆಯುತ್ತಿದ್ದೀರಿ.

ಭಾರ ಎಷ್ಟಿದೆ ಎಂಬಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎಂಬುದು. ಎತ್ತಿನ ಗಾಡಿ ತುಂಬಿದವರಿಗೆ ಇದನ್ನು ಹೇಳಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಕೊರಳನ್ನು ಒತ್ತುತ್ತದೆ. ಟ್ರೇಲರಿಗೆ ಹಿಂಭಾರವಾದರೆ ಅದು ಹೆದ್ದಾರಿಯಲ್ಲಿ ಹಾವಿನಂತೆ ಅತ್ತಿತ್ತ ತೊನೆಯತೊಡಗುತ್ತದೆ. ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದಿರುವ ಕೊಕ್ಕೆಯ ಗುಂಡಿನ ಮೇಲೆ ಟ್ರೇಲರಿನ ತೂಕದ ನೂರಕ್ಕೆ ಐದರಿಂದ ಏಳರಷ್ಟು ಭಾರ ಬೀಳುವಂತೆ ದೋಣಿಯನ್ನು ಹಿಂದೆ ಮುಂದೆ ಸರಿಸಿ ಕಟ್ಟುತ್ತೇವೆ. 400 ಕೆ.ಜಿ.ಗೆ 20ರಿಂದ 28. ಟ್ರೇಲರನ್ನು ಸಮವಾಗಿ ಹಿಡಿದು, ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಒಂದು ಮರದ ತುಂಡನ್ನು ನಿಲ್ಲಿಸಿ ಅದರ ಮೇಲೆ ಮೂತಿಯನ್ನು ಇಟ್ಟರೆ ಗೊತ್ತಾಗುತ್ತದೆ. ತೊನೆದಾಟ ಶುರುವಾದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ಟ್ರೇಲರ್ ಎಳೆಯುವ ಕಾರಿಗೆ ಮೋಟಾರ್‌ವೇಯಲ್ಲಿ ಮಿತಿ ಗಂಟೆಗೆ 60 ಮೈಲಿ, ಸಾಮಾನ್ಯ ರಸ್ತೆಯಲ್ಲಿ 50.

ಇನ್ನು ಇಳಿಜಾರಿಗೆ ಬರೋಣ. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ನಡೆದದ್ದು ಇಲ್ಲಿಯೇ, ನಡೆದಾಡುವ ವೇಗದಲ್ಲಿ.

ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು ಎಂಟಕ್ಕೆ ಒಂದರಷ್ಟು ಇದೆ ಎಂದುಕೊಳ್ಳಿ: ಎಂಟು ಮೀಟರ್ ಹೋದರೆ ಒಂದು ಮೀಟರ್ ತಗ್ಗು. ಜನರೊಂದಿಗೆ ಕಾರು 1,200 ಕೆ.ಜಿ., ದೋಣಿ ಮತ್ತು ಟ್ರೇಲರ್ 400 ಕೆ.ಜಿ. ಒಟ್ಟು 1,600ರ ಎಂಟನೇ ಒಂದು ಭಾಗ, ಅಂದರೆ 200 ಕೆ.ಜಿ.ಯ ಸೆಳೆತವನ್ನು ಗೆದ್ದರೆ ಮಾತ್ರ ಮೇಲೆ ಬರಬಹುದು. ಚಿಕ್ಕ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಕಾರಿನ ಮೂತಿ ಮೇಲಕ್ಕಿರುವಾಗ ಭಾರ ಹಿಂದಕ್ಕೆ ಸರಿದು, ಕೊಕ್ಕೆಯ ಮೇಲಿನ ಒತ್ತಡವೂ ಸೇರಿ, ಮುಂದಿನ ಚಕ್ರಗಳ ಮೇಲೆ ಉಳಿಯುವುದು ಸುಮಾರು 600 ಕೆ.ಜಿ. ಒಣ ಕಾಂಕ್ರೀಟಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ, ಕಾರು ಸಲೀಸಾಗಿ ಹತ್ತುತ್ತದೆ. ಹಸಿರು ಪಾಚಿಯ ಮೇಲೆ ಐದನೇ ಒಂದು ಭಾಗ ಸಿಕ್ಕಿದರೂ 120 ಕೆ.ಜಿ. ಮಾತ್ರ. ಬೇಕಾದದ್ದು 200. ಎಂಜಿನ್ನಿನಲ್ಲಿ ಎಷ್ಟು ಶಕ್ತಿಯಿದ್ದರೂ ಈ ಕೊರತೆ ತುಂಬುವುದಿಲ್ಲ. ಚಕ್ರ ಜಾಗದಲ್ಲೇ ತಿರುಗಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್ ಬ್ರೇಕಿನ ಆಸರೆಯೂ ಇಲ್ಲ. ಅದು ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು, ಮೊದಲು ಪಾಚಿಗೆ ಇಳಿದು ನಿಂತಿರುವುದೂ ಅವೇ.

ಆದ್ದರಿಂದ ನನ್ನ ಷೆಡ್ಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಚಿಕ್ಕ ಕಾರನ್ನು ಪಾಚಿಯ ಗೆರೆಯಿಂದ ಕೆಳಕ್ಕೆ ಇಳಿಸಲೇಬೇಡಿ. ದೋಣಿ ನೀರಿಗೆ ಹೋಗಲಿ, ಕಾರು ಹೋಗಬೇಕಾಗಿಲ್ಲ. ಇದಕ್ಕೆ ಇಲ್ಲಿನವರು ಕಂಡುಕೊಂಡ ಸೊಗಸಾದ ಉಪಾಯವೊಂದಿದೆ: ಜೋಡಿ ಟ್ರೇಲರ್. ದೋಣಿ ಕೂತಿರುವುದು ಹಗುರವಾದ ಎರಡು ಚಕ್ರದ ತಳ್ಳುಗಾಡಿಯ ಮೇಲೆ. ಆ ತಳ್ಳುಗಾಡಿ ದೋಣಿಯ ಸಮೇತ ರಸ್ತೆಯ ಟ್ರೇಲರಿನ ಮೇಲೆ ಹತ್ತಿ ಕೂರುತ್ತದೆ. ದಡಕ್ಕೆ ಬಂದ ಮೇಲೆ ಅದನ್ನು ಜಾರಿಸಿ ಇಳಿಸಿ, ಕಾರು ಮತ್ತು ರಸ್ತೆಯ ಟ್ರೇಲರನ್ನು ಮೇಲೆಯೇ ಬಿಟ್ಟು, ತಳ್ಳುಗಾಡಿಯನ್ನಷ್ಟೇ ನೀರಿಗೆ ಒಯ್ಯುತ್ತೇವೆ. ದೋಣಿ ಕೊಳ್ಳುವಾಗ ಜೋಡಿ ಟ್ರೇಲರ್ ಇರುವುದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಆ ತಳ್ಳುಗಾಡಿ ಮತ್ತು ದೋಣಿ ಸೇರಿ 250 ಕೆ.ಜಿ. ಎಂದರೆ ಅದೇ ಇಳಿಜಾರಿನಲ್ಲಿ ಸೆಳೆತ 30 ಕೆ.ಜಿ. ಚಿಲ್ಲರೆ. ಇಬ್ಬರು ಹಿಡಿಯಬಹುದು. ಆದರೆ ಕಾಲಡಿಯಲ್ಲಿಯೂ ಪಾಚಿಯೇ ಇರುವುದರಿಂದ ನಾನು ಹಗ್ಗವನ್ನು ನಂಬುತ್ತೇನೆ. 15 ಮೀಟರ್ ಉದ್ದದ, ಕೈಗೆ ಸಿಗುವಷ್ಟು ದಪ್ಪದ ಹಗ್ಗ. ಹೊನ್ನಾವರದ ಬಂದರಿನಲ್ಲಿ ದೋಣಿಯನ್ನು ಹಗ್ಗದಲ್ಲಿ ತಡೆಯುವವರನ್ನು ನೋಡಿ ಬೆಳೆದವನು ನಾನು. ಅವರು ಭಾರವನ್ನು ಎಂದೂ ಕೈಯಲ್ಲಿ ಹಿಡಿಯುವುದಿಲ್ಲ. ಗೂಟಕ್ಕೆ ಒಂದೆರಡು ಸುತ್ತು ಹಾಕಿ, ಮಿಕ್ಕ ತುದಿಯನ್ನು ಮಾತ್ರ ಹಿಡಿದು ನಿಧಾನವಾಗಿ ಬಿಡುತ್ತಾರೆ. ಇಲ್ಲಿ ಗೂಟದ ಕೆಲಸವನ್ನು ಕಾರಿನ ಕೊಕ್ಕೆಯ ಗುಂಡು ಮಾಡುತ್ತದೆ. ಕಾರನ್ನು ಇಳಿಜಾರಿನ ಮೇಲಿರುವ ಸಮತಟ್ಟಿನಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಅಡೆ ಕೊಟ್ಟು, ಗುಂಡಿನ ಗ್ರೀಸನ್ನು ಒರೆಸಿ ಹಗ್ಗವನ್ನು ಸುತ್ತಿ. ಭಾರದ ಬಹುಪಾಲನ್ನು ಉಕ್ಕೇ ಹೊರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ತಳ್ಳುಗಾಡಿಯ ಕೆಳಗಿನ ಬದಿಯಲ್ಲಿ ಮಕ್ಕಳನ್ನಂತೂ ನಿಲ್ಲಿಸಲೇಬಾರದು. ಮರಳಿ ಬಂದಾಗ ಅದೇ ಹಗ್ಗವನ್ನು ಕೊಕ್ಕೆಗೆ ಕಟ್ಟಿ, ಕಾರನ್ನು ಒಣ ನೆಲದಲ್ಲಿ ಮೆಲ್ಲಗೆ ಮುಂದಕ್ಕೆ ಬಿಟ್ಟರೆ ದೋಣಿ ತಾನಾಗಿ ಮೇಲೆ ಬರುತ್ತದೆ.

ನೀರಿನ ಅಂಚು ಒಂದೆಡೆ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಕಡೆಯಿಂದ ಬಂದವರು ಸುಲಭವಾಗಿ ಮರೆಯುತ್ತಾರೆ. ಮಂಗಳೂರಿನಲ್ಲಿ ಭರತ ಮತ್ತು ಇಳಿತದ ನಡುವಿನ ಅಂತರ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಡೆವನ್ನಿನ ಉತ್ತರಕ್ಕಿರುವ ಬ್ರಿಸ್ಟಲ್ ಚಾನೆಲ್ ಎಂಬ ಕೊಲ್ಲಿಯ ಮೇಲ್ತುದಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಬೆನ್ನಿಗೆ ಅದು 12 ಮೀಟರ್ ಮುಟ್ಟುತ್ತದೆ. ಭರತದ ಸುಮಾರು ಆರು ಗಂಟೆಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲೇ ಅರ್ಧ ನೀರು ಏರುತ್ತದೆ, ಅಂದರೆ ಗಂಟೆಗೆ 3 ಮೀಟರ್. ಎಂಟಕ್ಕೆ ಒಂದರ ಇಳಿಜಾರಿನಲ್ಲಿ ನೀರಿನ ಅಂಚು ಆ ಒಂದು ಗಂಟೆಯಲ್ಲಿ 24 ಮೀಟರ್ ನಡೆದು ಬರುತ್ತದೆ, ನಿಮಿಷಕ್ಕೆ 40 ಸೆಂಟಿಮೀಟರ್. ನೀರಿನಿಂದ 3 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಕೂವೆ ನಿಲ್ಲಿಸಲು ಹೋದರೆ ಎಂಟನೆಯ ನಿಮಿಷಕ್ಕೆ ಟಯರ್ ಒದ್ದೆ. ಇಳಿತದ ಹೊತ್ತಿನಲ್ಲಿ ಇನ್ನೊಂದು ಕಷ್ಟ: ಕಾಂಕ್ರೀಟ್ ಮುಗಿದು ಕೆಸರು ಶುರುವಾಗಿರುತ್ತದೆ. ಭರತದ ವೇಳಾಪಟ್ಟಿಯನ್ನು ನೋಡದೆ ಮನೆಯಿಂದ ಹೊರಡಬೇಡಿ.

ಟ್ರೇಲರ್ ಸಮೇತ ಕಾರನ್ನು ಹಿಂದಕ್ಕೆ ಬಿಡುವ ಬಗ್ಗೆ ಎಲ್ಲರಿಗೂ ಅಂಜಿಕೆ. ಚಿಕ್ಕ ಟ್ರೇಲರ್ ಬೇಗ ಕಾರಿನ ಕಡೆಗೆ ಮಡಿಚಿಕೊಳ್ಳುತ್ತದೆ ಎಂಬುದು ನಿಜ, ಆದರೆ ಚಿಕ್ಕದಾಗಿರುವುದೇ ಅದರ ಗುಣವೂ ಹೌದು: ಕೊಕ್ಕೆ ಬಿಚ್ಚಿ ಕೈಯಿಂದಲೇ ತಿರುಗಿಸಿ ಮತ್ತೆ ಸಿಕ್ಕಿಸಬಹುದು. ಇದರಲ್ಲಿ ನಾಚಿಕೆ ಬೇಡ.

ಟ್ರೇಲರ್ ಬೇಡವೇ ಬೇಡ ಎನ್ನುವವರಿಗೆ ಮಿರರ್ ದೋಣಿ ಇದೆ. 1960ರ ದಶಕದ ಆರಂಭದಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ, 3.3 ಮೀಟರ್ ಉದ್ದದ, ಕೆಂಪು ಹಾಯಿಯ ಪ್ಲೈವುಡ್ ದೋಣಿ. ಒಡಲು 45.5 ಕೆ.ಜಿ.; ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದು. ಛಾವಣಿ ಎಷ್ಟು ಹೊರಬಹುದು ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಅಡ್ಡಪಟ್ಟಿಗಳ ತೂಕವನ್ನೂ ಅದರಲ್ಲಿ ಸೇರಿಸಿ.

ರಸ್ತೆಯ ಟ್ರೇಲರನ್ನು ನೀರಿಗಿಳಿಸದೆ ಮೇಲೆಯೇ ಬಿಡುತ್ತೇವೆ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಬೇರಿಂಗು. 10 ಅಂಗುಲದ ರಿಮ್ಮಿನ ಪುಟ್ಟ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 650 ಸುತ್ತು ಹಾಕುತ್ತದೆ, ಕಾರಿನ ಚಕ್ರ 500. ದಡ ತಲುಪುವಾಗ ಚಕ್ರದ ನಡುವಿನ ಗುಂಬ (ಹಬ್) ಬಿಸಿಯಾಗಿರುತ್ತದೆ. ಹಾಗೆಯೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರನ್ನು ಒಳಕ್ಕೆ ಹೀರುತ್ತದೆ. ಗ್ರೀಸು ಹಾಲಿನಂತೆ ಬೆಳ್ಳಗಾಗಿ, ಚಳಿಗಾಲವಿಡೀ ನಿಂತಲ್ಲೇ ಬೇರಿಂಗು ತುಕ್ಕು ಹಿಡಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಹೆದ್ದಾರಿಯ ನಡುವೆ ಅದು ಒಡೆದು, ಒಂದೇ ಚಕ್ರದ ಟ್ರೇಲರುಗಳು ಲಾರಿಯ ಮೇಲೆ ನನ್ನ ಷೆಡ್ಡಿಗೆ ಬಂದಿವೆ. ಚಕ್ರ ಸಿಗದೆಯೇ ಹೋದದ್ದೂ ಉಂಟು, ಆಗ ಅದು ಯಾರ ಕಾರಿಗೂ ಬಡಿದಿಲ್ಲ ಎಂದು ತಿಳಿಯುವ ತನಕ ನನಗೆ ಸಮಾಧಾನವಿರುವುದಿಲ್ಲ.

ಬಂಡಿ ಹೂಡುವ ಮೊದಲು ಕೀಲೆಣ್ಣೆ ಹಾಕುತ್ತಿದ್ದ ಹಾಗೆ, ವರ್ಷಕ್ಕೊಮ್ಮೆ ಗುಂಬ ಬಿಚ್ಚಿಸಿ ಹೊಸ ಗ್ರೀಸು ತುಂಬಿಸಿ. ದಾರಿಯಲ್ಲಿ ಮೊದಲ ಅರ್ಧ ಗಂಟೆಯಾದ ಮೇಲೆ ಎಲ್ಲಿಯಾದರೂ ನಿಲ್ಲಿಸಿ, ಎರಡೂ ಗುಂಬಗಳ ಹತ್ತಿರ ಅಂಗೈ ಒಯ್ದು, ಸುಡುವಂತಿಲ್ಲದಿದ್ದರೆ ಮುಟ್ಟಿ ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ. ಎರಡೂ ಸಮನಾಗಿ ಬೆಚ್ಚಗಿದ್ದರೆ ಚಹಾ ಕುಡಿದು, ದೋಣಿಯ ಹಗ್ಗಗಳನ್ನು ಇನ್ನೊಮ್ಮೆ ಎಳೆದು ನೋಡಿ ಹೊರಡಿ.