ಮೈಸೂರಿನಿಂದ ಸ್ಯಾನ್‌ ಫ್ರಾನ್ಸಿಸ್ಕೊ: ಟಿಕೆಟ್‌ನಲ್ಲಿ 4 ಗಂಟೆ, ಆಕಾಶದಲ್ಲಿ 17 ಗಂಟೆ

ಪ್ರಶ್ನೆ: ಮಗಳ ಮನೆಗೆಂದು ಮೈಸೂರಿನಿಂದ ಸ್ಯಾನ್‌ ಫ್ರಾನ್ಸಿಸ್ಕೊಗೆ ಹೊರಡಬೇಕು. ದೂರ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು? ಟಿಕೆಟ್ ನೋಡಿದರೆ ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು ಲೆಕ್ಕ ಬರುತ್ತದಲ್ಲ?

ಉತ್ತರ: ಬೆಂಗಳೂರಿನಿಂದ ಸ್ಯಾನ್‌ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ ಹೆಚ್ಚೂಕಡಿಮೆ 17 ಗಂಟೆ.

ಗೋಡೆಯ ನಕ್ಷೆ ನೋಡಿದವರು ಈ ದಾರಿ ಸಮುದ್ರದ ಮೇಲೆಯೇ ಇರಬೇಕು ಎಂದುಕೊಳ್ಳುತ್ತಾರೆ. ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿದು ನೋಡಿ: ಅದು ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕದ ಮೇಲೆ ಹಾಯುತ್ತದೆ. ವಿಮಾನ ಮಾತ್ರ ಈ ದಾರದ ಮೇಲೆಯೇ ಹಾರುವುದಿಲ್ಲ. ಕ್ಯಾಬಿನ್‌ನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ 10,000 ಅಡಿಯ ಆಸುಪಾಸಿಗೆ ಇಳಿಸಬೇಕು; ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಗಾಳಿಯ ದಿಕ್ಕು ನೋಡಿಯೂ ದಾರಿ ಬದಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 16,000 ಕಿ.ಮೀ. ಕ್ರಮಿಸಿತು. ಅದು ಹೊರಟದ್ದು 9ರ ರಾತ್ರಿ, ಇಳಿದದ್ದು 11ರ ಬೆಳಗಿನ ಜಾವ.

ನಡುವಿನ 10ನೇ ತಾರೀಕು ಎಲ್ಲಿ ಹೋಯಿತು? ನಿಮ್ಮ ಗೊಂದಲದ ಬುಡವೂ ಇದೇ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ 12 ಗಂಟೆ 30 ನಿಮಿಷ. ಎರಡೂ ಸಮಯವನ್ನು ಭಾರತದ ಸಮಯಕ್ಕೆ ತಂದುಕೊಂಡು ಆಮೇಲೆ ಕಳೆಯಿರಿ. ಜನವರಿ 1ರ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು ಅಂದೇ ಸಂಜೆ 6:30ಕ್ಕೆ ಅಲ್ಲಿ ಇಳಿಯುತ್ತೀರಿ ಎಂದಿಟ್ಟುಕೊಳ್ಳಿ. ನೋಡಲು 4 ಗಂಟೆ. ಆದರೆ ಅಲ್ಲಿಯ 6:30ಕ್ಕೆ 13:30 ಕೂಡಿಸಿದರೆ ನಮ್ಮಲ್ಲಿ 2ನೇ ತಾರೀಕು ಬೆಳಿಗ್ಗೆ 8. ಅಂದರೆ 17 ಗಂಟೆ 30 ನಿಮಿಷ.

ಇನ್ನು ಮನೆ ಬಾಗಿಲಿನಿಂದ ಲೆಕ್ಕ ಹಾಕಬೇಕು, ಎಡವುವುದೇ ಇಲ್ಲಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು. ದೂರದ ದೊಡ್ಡ ವಿಮಾನಗಳಿಗೆ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣವೇ ಗತಿ. ಮೈಸೂರಿನಿಂದ ಅಲ್ಲಿಗೆ ಸುಮಾರು 180 ಕಿ.ಮೀ. ಹೊಸ ಹೆದ್ದಾರಿ ಕೆಂಗೇರಿಯವರೆಗೆ ಬೇಗ ಮುಟ್ಟಿಸಿದರೂ ಹೆಬ್ಬಾಳ ದಾಟುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಕರಗುತ್ತದೆ. ಕೆಎಸ್‌ಆರ್‌ಟಿಸಿ ಫ್ಲೈಬಸ್ಸಾಗಲಿ ಕಾರಾಗಲಿ, ಐದು ಗಂಟೆ ಇಟ್ಟುಕೊಳ್ಳಿ. ನಿಲ್ದಾಣದಲ್ಲಿ ಮೂರೂವರೆ ಗಂಟೆ. ದುಬೈನಲ್ಲಿ ವಿಮಾನ ಬದಲಿಸುವುದಾದರೆ ಮೊದಲ ಹಂತ 4 ಗಂಟೆ, ಕಾಯುವುದು 3, ಎರಡನೆಯದು ಸುಮಾರು 16. ಇಳಿದ ಮೇಲೆ ಇಮಿಗ್ರೇಷನ್ನು, ಲಗೇಜು ಎಂದು 2 ಗಂಟೆ. ಒಟ್ಟು 33 ಗಂಟೆ ದಾಟುತ್ತದೆ. ವಯಸ್ಸಾದವರಿಗೆ ಮಾತ್ರೆ ಕಟ್ಟಿಕೊಡುವಾಗ ಈ 33ರ ಲೆಕ್ಕವೇ ಬೇಕು, 17ರದ್ದಲ್ಲ.

ಎರಡು ಹಂತಕ್ಕೆ ಬೇರೆ ಬೇರೆ ಟಿಕೆಟ್ ಕೊಳ್ಳಬೇಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣ ಹೋದಂತೆಯೇ. ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಬದಲಿಸುವುದಿದ್ದರೆ ನಡುವೆ ಮೂರು ಗಂಟೆಯಾದರೂ ಇರಲಿ: ಅಮೆರಿಕದಲ್ಲಿ ಮೊದಲು ಇಳಿದ ಕಡೆಯೇ ಇಮಿಗ್ರೇಷನ್ ಮುಗಿಸಿ, ಲಗೇಜು ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಅದನ್ನು ಒಪ್ಪಿಸಬೇಕು. ದುಬೈನಲ್ಲಿ ಬದಲಿಸಿ ಸ್ಯಾನ್‌ ಫ್ರಾನ್ಸಿಸ್ಕೊದಲ್ಲೇ ಇಳಿಯುವವರಿಗೆ ಈ ತಾಪತ್ರಯವಿಲ್ಲ.