ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು: ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಸೇಫ್‌ಗಾರ್ಡಿಂಗ್ ಹೊಣೆ ಬಂದಿದ್ದು ಹೇಗೆ

1945ರ ಜನವರಿ. ಶ್ರಾಪ್‌ಶೈರ್‌ನ ಒಂದು ತೋಟದ ಮನೇಲಿ ಡೆನಿಸ್ ಓನೀಲ್ ಅನ್ನೋ 12 ವರ್ಷದ ಹುಡುಗ ಹೊಡೆತ ತಿಂದು, ಹೊಟ್ಟೆಗಿಲ್ಲದೆ ಸತ್ತ. ಅವನನ್ನ ಅಲ್ಲಿ ಸಾಕೋಕೆ ಬಿಟ್ಟಿದ್ದು ವೇಲ್ಸ್‌ನ ನ್ಯೂಪೋರ್ಟ್ ಕೌನ್ಸಿಲ್, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತ, ಮನೆ ಇದ್ದಿದ್ದು ಇನ್ನೊಂದು ಕೌನ್ಸಿಲ್ ಹದ್ದಿನಲ್ಲಿ, ಹಾಗಾಗಿ ಹುಡುಗನ್ನ ಹೋಗಿ ನೋಡ್ಬೇಕಾದ್ದು ಯಾರು ಅನ್ನೋದೇ ಇಬ್ಬರ ಮಧ್ಯೆ ಕಳೆದುಹೋಯ್ತು. ವಿಚಾರಣೆ ಆಯ್ತು, 1946ರಲ್ಲಿ ಕರ್ಟಿಸ್ ಕಮಿಟಿ ವರದಿ ಬಂತು, 1948ರ ಚಿಲ್ಡ್ರನ್ ಆಕ್ಟ್ ಪ್ರತಿ ಕೌನ್ಸಿಲ್‌ಗೂ ಒಂದು ಮಕ್ಕಳ ಸಮಿತಿ, ಒಬ್ಬ ಮಕ್ಕಳ ಅಧಿಕಾರಿ ಇರ್ಲೇಬೇಕು ಅಂತ ಹೇಳ್ತು.

ಇವತ್ತು ಸೇಫ್‌ಗಾರ್ಡಿಂಗ್ ಅಂತ ಕರೆಯೋ ಕೆಲಸದ ಬೇರು ಅಲ್ಲಿದೆ. ಮಕ್ಕಳಿಗೆ, ಹಾಗೇ ತಮ್ಮನ್ನ ತಾವು ಕಾಪಾಡ್ಕೊಳ್ಳೋಕಾಗದ ದೊಡ್ಡವರಿಗೆ ಹಿಂಸೆ, ನಿರ್ಲಕ್ಷ್ಯ, ಶೋಷಣೆ ಆಗದ ಹಾಗೆ ನೋಡ್ಕೊಳ್ಳೋದು ಆ ಕೆಲಸ. ಇದರ ಚರಿತ್ರೆ ಓದ್ತಾ ಹೋದ್ರೆ ಒಂದು ವಿಷಯ ಮತ್ತೆ ಮತ್ತೆ ಕಾಣ್ಸುತ್ತೆ, ಸತ್ತವರ ಬಗ್ಗೆ ಯಾರಿಗೂ ಗೊತ್ತೇ ಇರ್ಲಿಲ್ಲ ಅನ್ನೋ ಕೇಸು ತೀರಾ ಕಮ್ಮಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು, ಆದ್ರೆ ಅದನ್ನೆಲ್ಲ ಒಂದ್ಕಡೆ ಕೂಡಿಸಿ ನೋಡ್ದವರು ಇರ್ಲಿಲ್ಲ.

1973ರಲ್ಲಿ ಬ್ರೈಟನ್‌ನ ಮರಿಯಾ ಕಾಲ್ವೆಲ್ ವಿಷಯದಲ್ಲೂ ಇದೇ ಆಯ್ತು. ಐದು ವರ್ಷಕ್ಕೂ ಮೇಲೆ ಸಂಬಂಧಿಕರ ಮನೇಲಿ ಚೆನ್ನಾಗಿ ಬೆಳೆದ ಮಗುವನ್ನ ವಾಪಸ್ ತಾಯಿ ಮನೆಗೆ ಕಳಿಸಿದ್ರು, ಅಲ್ಲಿ ಮಲತಂದೆ ಕೈಲಿ ಏಳನೇ ವರ್ಷಕ್ಕೆ ಸತ್ತೋದ್ಲು. ಅಕ್ಕಪಕ್ಕದವರು, ಟೀಚರ್‌ಗಳು ಮೊದಲೇ ದೂರು ಹೇಳಿದ್ರು. ಆಮೇಲೆ 1974ರಿಂದ ಪೊಲೀಸ್, ಡಾಕ್ಟರ್, ಕೌನ್ಸಿಲ್ ಒಟ್ಟಿಗೆ ಕೂರೋ ಸ್ಥಳೀಯ ಸಮಿತಿಗಳು ಶುರುವಾದ್ವು. 1989ರ ಚಿಲ್ಡ್ರನ್ ಆಕ್ಟ್‌ನ 47ನೇ ಸೆಕ್ಷನ್, ಮಗುವಿಗೆ ಗಂಭೀರ ಹಾನಿ ಆಗ್ತಿದೆ ಅಂತ ಅನುಮಾನ ಬಂದ್ರೆ ಕೌನ್ಸಿಲ್ ವಿಚಾರಿಸಲೇಬೇಕು ಅಂತ ಕಟ್ಟುಮಾಡ್ತು. ಅದಕ್ಕೆ ಎರಡೇ ವರ್ಷ ಮುಂಚೆ ಇಂಗ್ಲೆಂಡಿನದೇ ಕ್ಲೀವ್‌ಲ್ಯಾಂಡ್‌ನಲ್ಲಿ ಇದಕ್ಕೆ ಉಲ್ಟಾ ಆಗಿತ್ತು, ಲೈಂಗಿಕ ದೌರ್ಜನ್ಯ ಆಗಿದೆ ಅಂತ 121 ಮಕ್ಕಳ ಮೇಲೆ ಡಾಕ್ಟರ್‌ಗಳು ಡಯಾಗ್ನೋಸಿಸ್ ಬರೆದು, ಎಷ್ಟೋ ಮಕ್ಕಳನ್ನ ಅಪ್ಪ ಅಮ್ಮನಿಂದ ಬಿಡಿಸಿ ದೊಡ್ಡ ಗಲಾಟೆ ಆಗಿತ್ತು. ಕೈ ಹಾಕಿದ್ರೂ ತಪ್ಪು, ಹಾಕದಿದ್ರೂ ತಪ್ಪು ಅನ್ನೋ ಭಯ ಸೋಶಿಯಲ್ ವರ್ಕರ್‌ಗಳನ್ನ ಬಿಟ್ಟಿದ್ದೇ ಇಲ್ಲ.

ಈಗ ವಿಕ್ಟೋರಿಯಾ ಕ್ಲಿಂಬಿಯೆ. ಐವರಿ ಕೋಸ್ಟ್‌ನಿಂದ ಒಳ್ಳೆ ಓದು ಸಿಗ್ಲಿ ಅಂತ ಅಪ್ಪ ಅಮ್ಮ ಚಿಕ್ಕಜ್ಜಿಯೊಬ್ಬರ ಜೊತೆ ಕಳಿಸಿದ ಹುಡುಗಿ, 2000ದ ಫೆಬ್ರವರೀಲಿ ಲಂಡನ್ನಿನಲ್ಲಿ ಎಂಟನೇ ವಯಸ್ಸಿಗೆ ತೀರಿಕೊಂಡ್ಲು, ಮೈಮೇಲೆ 128 ಗಾಯ. ಅವಳ ವಿಷಯ ನಾಲ್ಕು ಕೌನ್ಸಿಲ್‌ಗಳ ಸೋಶಿಯಲ್ ಸರ್ವಿಸಸ್‌ಗೆ ಗೊತ್ತಿತ್ತು, ಎರಡು ಆಸ್ಪತ್ರೆಗೆ ಗೊತ್ತಿತ್ತು, ಪೊಲೀಸರ ಮಕ್ಕಳ ರಕ್ಷಣಾ ತಂಡಗಳಿಗೂ ಗೊತ್ತಿತ್ತು. ಲಾರ್ಡ್ ಲೇಮಿಂಗ್ ವಿಚಾರಣೆ ಮಾಡಿ ಹೇಳಿದ್ದು, ಅವಳನ್ನ ಉಳಿಸೋ ಅವಕಾಶ ಕಮ್ಮಿ ಅಂದ್ರೂ 12 ಸಲ ಸಿಕ್ಕಿತ್ತು ಅಂತ. ಹ್ಯಾರಿಂಗೇ ಕೌನ್ಸಿಲ್ ಕಡೆಯಿಂದ ಅವಳ ಕೇಸು ನೋಡ್ಕೊಳ್ತಿದ್ದ ಸೋಶಿಯಲ್ ವರ್ಕರ್ ಮಗು ಜೊತೆ ಕಳೆದಿದ್ದು ಎಲ್ಲ ಸೇರಿಸಿದ್ರೂ ಅರ್ಧ ಗಂಟೆಗಿಂತ ಕಮ್ಮಿ. ಈ ಒಂದು ಸಾಲು ನನ್ನ ತಲೆಯಿಂದ ಹೋಗೋದೇ ಇಲ್ಲ, ಫೈಲು ಬೆಳೀತಾನೇ ಇತ್ತು, ಮಗುವನ್ನ ಕೂರಿಸ್ಕೊಂಡು ಹೇಗಿದೀಯಮ್ಮ ಅಂತ ಸಮಾಧಾನವಾಗಿ ಕೇಳಿದವರು ಇರ್ಲಿಲ್ಲ.

ಲೇಮಿಂಗ್ ಬೈದಿದ್ದು ಕೆಳಗಿನವರನ್ನಷ್ಟೇ ಅಲ್ಲ, ನಮಗೆ ಗೊತ್ತಾಗ್ಲಿಲ್ಲ ಅಂದ ಮೇಲಿನ ಮ್ಯಾನೇಜರ್‌ಗಳನ್ನ, ಕೌನ್ಸಿಲರ್‌ಗಳನ್ನ ಕೂಡ. 2003ರ ಆ ವರದಿಯ 108 ಶಿಫಾರಸುಗಳ ಬೆನ್ನಿಗೆ 2004ರ ಚಿಲ್ಡ್ರನ್ ಆಕ್ಟ್ ಬಂತು. ಪ್ರತಿ ಕೌನ್ಸಿಲ್‌ನಲ್ಲೂ ಮಕ್ಕಳ ಸೇವೆಗೆ ಒಬ್ಬ ಡೈರೆಕ್ಟರ್, ಚುನಾಯಿತ ಕೌನ್ಸಿಲರ್‌ಗಳಲ್ಲಿ ಇದರ ಹೊಣೆ ಹೊತ್ತ ಒಬ್ಬರು ಲೀಡ್ ಮೆಂಬರ್, ಮೇಲೊಂದು ಸ್ಥಳೀಯ ಸೇಫ್‌ಗಾರ್ಡಿಂಗ್ ಬೋರ್ಡ್. ಯಾರು ಜವಾಬ್ದಾರಿ ಅಂತ ಕೇಳಿದ್ರೆ ಬೆರಳು ತೋರ್ಸೋಕೆ ಒಂದು ಹೆಸರು ಇರ್ಲಿ ಅನ್ನೋದು ಉದ್ದೇಶ.

ಮೂರೇ ವರ್ಷ. 2007ರಲ್ಲಿ ಅದೇ ಹ್ಯಾರಿಂಗೇಲಿ 17 ತಿಂಗಳ ಪೀಟರ್ ಕಾನೆಲಿ ಸತ್ತ, ಅಷ್ಟರೊಳಗೆ ಎಂಟು ತಿಂಗಳಲ್ಲಿ ಸುಮಾರು 60 ಸಲ ಯಾರಾದ್ರೂ ಒಬ್ಬ ಅಧಿಕಾರಿನೋ ಡಾಕ್ಟರೋ ನೋಡಿದ್ರು. ಅದೇ ವರ್ಷ ಆಫ್‌ಸ್ಟೆಡ್ ಅನ್ನೋ ತಪಾಸಣಾ ಸಂಸ್ಥೆ ಅಲ್ಲಿನ ಮಕ್ಕಳ ಸೇವೆಗೆ 'ಗುಡ್' ಅಂತ ಗ್ರೇಡ್ ಕೊಟ್ಟಿತ್ತು. ಡೈರೆಕ್ಟರನ್ನ ಕೆಲಸದಿಂದ ತೆಗೆದ್ರು, ತೆಗೆದ ರೀತಿ ಕಾನೂನುಬಾಹಿರ ಅಂತ 2011ರಲ್ಲಿ ಮೇಲ್ಮನವಿ ಕೋರ್ಟ್ ಹೇಳ್ತು. ಅದೇ ವರ್ಷ ಪ್ರೊಫೆಸರ್ ಐಲೀನ್ ಮನ್ರೋ ತಮ್ಮ ರಿವ್ಯೂನಲ್ಲಿ, ವರ್ಕರ್‌ಗಳು ಫಾರ್ಮು ತುಂಬೋದ್ರಲ್ಲಿ, ಗಡುವು ಮುಟ್ಸೋದ್ರಲ್ಲಿ ಮುಳುಗಿದ್ದಾರೆ, ಮಗು ಜೊತೆ ಕೂರೋಕೆ ಟೈಮ್ ಬಿಡಿ ಅಂದ್ರು. ನನಗನ್ಸೋದು, ಈ ಇಡೀ ಚರಿತ್ರೇಲಿ ಅತಿ ಕಡೆಗಣಿಸಿದ ಮಾತು ಇದೇ.

ಉತ್ತರ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನ ಕಥೆ ಇನ್ನೂ ಬೇರೆ ಥರ, ಯಾಕಂದ್ರೆ ಅಲ್ಲಿ ಸೋತಿದ್ದು ಮೇಲಿಂದ ನೋಡ್ಬೇಕಾದ ಕಣ್ಣುಗಳೇ. 1997ರಿಂದ 2013ರವರೆಗೆ ಕಮ್ಮಿ ಲೆಕ್ಕ ಹಾಕಿದ್ರೂ ಸುಮಾರು 1,400 ಮಕ್ಕಳ ಲೈಂಗಿಕ ಶೋಷಣೆ ಆಯ್ತು ಅಂತ ವಿಚಾರಣೆ ಮಾಡಿದ ಅಲೆಕ್ಸಿಸ್ ಜೇ 2014ರಲ್ಲಿ ವರದಿ ಕೊಟ್ರು. 2002, 2003, 2006ರಲ್ಲೇ ಮೂರು ವರದಿಗಳು ಇದನ್ನ ಹೇಳಿದ್ವು, ಮೊದಲನೇದನ್ನ ಅದುಮಿಟ್ರು, ಇನ್ನೆರಡನ್ನ ಪಕ್ಕಕ್ಕಿಟ್ರು. ಜೇ ವರದಿಯ ಮರುವರ್ಷ, 2015ರಲ್ಲಿ, ಸರ್ಕಾರ ಕೌನ್ಸಿಲ್‌ನ ಅಧಿಕಾರ ತಗೊಂಡು ತಾನೇ ನೇಮಿಸಿದ ಕಮಿಷನರ್‌ಗಳ ಕೈಗೆ ಕೊಡ್ತು. ಜನ ಆರಿಸಿ ಕಳಿಸಿದ ಕೌನ್ಸಿಲರ್‌ಗಳಿಗೆ ಅಧಿಕಾರಿಗಳನ್ನ ಕೂರಿಸಿ ಪ್ರಶ್ನೆ ಕೇಳೋಕೆ ಸ್ಕ್ರೂಟಿನಿ ಕಮಿಟಿ ಅಂತಲೇ ಒಂದು ಇರುತ್ತೆ, ಅಲ್ಲಿ ಗಟ್ಟಿಯಾಗಿ ಕೇಳೋರು ಇಲ್ಲದಿದ್ರೆ ಬೋರ್ಡು, ಡೈರೆಕ್ಟರು ಎಷ್ಟಿದ್ದು ಏನು ಪ್ರಯೋಜನ. 2017ರ ಕಾಯ್ದೆ ಹಳೇ ಬೋರ್ಡ್‌ಗಳನ್ನ ತೆಗೆದು ಕೌನ್ಸಿಲ್, ಪೊಲೀಸ್, ಸ್ಥಳೀಯ ಆರೋಗ್ಯ ಸಂಸ್ಥೆ ಮೂರಕ್ಕೂ ಸಮ ಹೊಣೆ ಕೊಡ್ತು.

ದೊಡ್ಡವರ ವಿಷಯಕ್ಕೆ ಬಂದ್ರೆ ಹೊಟ್ಟೆ ಉರಿಯುತ್ತೆ, ಇಷ್ಟು ಹೊತ್ತು ಹೇಳಿದ ಕಾನೂನಿನಲ್ಲಿ ಅವರಿಗೆ ಏನೂ ಇರ್ಲಿಲ್ಲ. 2000ದಲ್ಲಿ 'ನೋ ಸೀಕ್ರೆಟ್ಸ್' ಅನ್ನೋ ಮಾರ್ಗಸೂಚಿ ಬಂತು, ಕೌನ್ಸಿಲ್‌ಗಳು ಮುಂದಾಳತ್ವ ವಹಿಸ್ಬೇಕು ಅಂತ ಹೇಳ್ತು, ಆದ್ರೆ ಅದು ಮಾರ್ಗಸೂಚಿ, ಕಾಯ್ದೆ ಅಲ್ಲ. 2006ರಲ್ಲಿ ಕಾರ್ನ್‌ವಾಲ್‌ನ ಸ್ಟೀವನ್ ಹಾಸ್ಕಿನ್, ಕಲಿಕೆಯ ತೊಂದರೆ ಇದ್ದ ಮನುಷ್ಯ, ಗೆಳೆಯರು ಅಂದ್ಕೊಂಡು ಮನೆಗೆ ಸೇರಿಸ್ಕೊಂಡವರ ಕೈಲೇ ಕೊಲೆಯಾದ. ಅದಕ್ಕೆ ಮುಂಚೆ ಕೌನ್ಸಿಲ್‌ನ ವಾರದ ಸಹಾಯ ಬೇಡ ಅಂತ ಅವನು ಹೇಳಿದ್ದ, ಕೌನ್ಸಿಲ್ ನಿಲ್ಲಿಸ್ತು, ಯಾಕೆ ಬೇಡ ಅಂತಿದಾನೆ ಅಂತ ವಿಚಾರಿಸಲಿಲ್ಲ. ಅವನ ಆಯ್ಕೆ ಅಲ್ವಾ ಅಂತ ಬಿಟ್ಟುಬಿಡೋದು ಎಷ್ಟು ಸುಲಭ ನೋಡಿ.

2011ರ ಮೇ ತಿಂಗಳಲ್ಲಿ ಬಿಬಿಸಿಯ ಪನೋರಮಾ ತಂಡ ಬ್ರಿಸ್ಟಲ್ ಹತ್ರದ ವಿಂಟರ್‌ಬೋರ್ನ್ ವ್ಯೂ ಅನ್ನೋ ಖಾಸಗಿ ಆಸ್ಪತ್ರೆಯೊಳಗೆ ಗುಟ್ಟಾಗಿ ಚಿತ್ರೀಕರಿಸಿದ್ದನ್ನ ತೋರ್ಸ್ತು, ಕಲಿಕೆಯ ತೊಂದರೆ ಇರೋ ರೋಗಿಗಳನ್ನ ಸಿಬ್ಬಂದಿ ಹೊಡೆಯೋದು, ನೀರು ಸುರಿಯೋದು. ಒಳಗಿದ್ದ ಸೀನಿಯರ್ ನರ್ಸ್ ಒಬ್ಬರು ಮೊದಲೇ ದೂರು ಕೊಟ್ಟಿದ್ರು, ಆಸ್ಪತ್ರೆ, ಆರೈಕೆ ಮನೆಗಳನ್ನ ನೋಡೋ ತಪಾಸಣಾ ಸಂಸ್ಥೆ ಸಿಕ್ಯೂಸಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಸ್ಪತ್ರೆ ಇದ್ದ ಸೌತ್ ಗ್ಲಾಸ್ಟರ್‌ಶೈರ್ ಕೌನ್ಸಿಲ್‌ಗೆ ಸುಮಾರು ಮೂರು ವರ್ಷದಲ್ಲಿ 40 ಸೇಫ್‌ಗಾರ್ಡಿಂಗ್ ದೂರು ಬಂದಿತ್ತು, ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಮುಗಿಸಿದ್ರು, ನಲವತ್ತನ್ನೂ ಒಟ್ಟಿಗೆ ಹರಡ್ಕೊಂಡು ನೋಡ್ಲಿಲ್ಲ. 11 ಜನಕ್ಕೆ ಶಿಕ್ಷೆ ಆಯ್ತು.

ಕೊನೆಗೆ 2014ರ ಕೇರ್ ಆಕ್ಟ್, ಜಾರಿಗೆ ಬಂದಿದ್ದು 2015ರ ಏಪ್ರಿಲ್. ಡೆನಿಸ್ ಸತ್ತು 70 ವರ್ಷ ಆಗಿತ್ತು. ಅದರ 42ನೇ ಸೆಕ್ಷನ್ ಪ್ರಕಾರ, ಆರೈಕೆ ಬೇಕಿರೋ ವ್ಯಕ್ತಿಗೆ ಹಿಂಸೆ ಆಗ್ತಿದ್ದು ಅಥವಾ ಆಗೋ ಅಪಾಯ ಇದ್ದು, ಆ ಆರೈಕೆಯ ಅಗತ್ಯದಿಂದಾಗಿಯೇ ತನ್ನನ್ನ ಕಾಪಾಡ್ಕೊಳ್ಳೋಕಾಗದಿದ್ರೆ ಕೌನ್ಸಿಲ್ ವಿಚಾರಿಸಲೇಬೇಕು. ದೊಡ್ಡವರಿಗೂ ಬೋರ್ಡ್ ಕಡ್ಡಾಯ ಆಯ್ತು. 'ವಲ್ನರಬಲ್ ಅಡಲ್ಟ್' ಅನ್ನೋ ಹಳೇ ಪದವನ್ನೂ ಮೆಲ್ಲಗೆ ಬಿಟ್ರು, ದುರ್ಬಲತೆ ಆ ಮನುಷ್ಯನಲ್ಲಿದೆ ಅನ್ನೋ ಧ್ವನಿ ಅದರಲ್ಲಿತ್ತು, ಈಗ ಅಪಾಯದಲ್ಲಿರೋ ವಯಸ್ಕ ಅಂತಾರೆ. ಕೌನ್ಸಿಲ್‌ಗಳು ಈ ಕೆಲಸ ಸರಿಯಾಗಿ ಮಾಡ್ತಿದಾವಾ ಅಂತ ಸಿಕ್ಯೂಸಿ ಮತ್ತೆ ಪರಿಶೀಲಿಸೋಕೆ ಅಧಿಕಾರ ಬಂದಿದ್ದು 2023ರಲ್ಲಿ.

ಒಂದು ಕೊರತೆ ಮಾತ್ರ ಹಾಗೇ ಉಳೀತು. ಮನೆಯೊಳಗೆ ಯಾರೋ ಒಬ್ಬರನ್ನ ಕೂಡಿಹಾಕಿದಾರೆ ಅನ್ನೋ ಅನುಮಾನ ಬಂದು ಸೋಶಿಯಲ್ ವರ್ಕರ್ ಹೋದ್ರೆ, ವೇಲ್ಸ್‌ನಲ್ಲಿ, ಸ್ಕಾಟ್‌ಲೆಂಡ್‌ನಲ್ಲಿ ಒಳಗೆ ಹೋಗಿ ಆ ವ್ಯಕ್ತಿ ಜೊತೆ ಒಂಟಿಯಾಗಿ ಮಾತಾಡೋಕೆ ಕಾನೂನಿನ ದಾರಿ ಇದೆ. ಇಂಗ್ಲೆಂಡಿನ ಕೇರ್ ಆಕ್ಟ್ ಅದನ್ನ ಕೊಡ್ಲಿಲ್ಲ. ಜೀವಕ್ಕೆ ಅಪಾಯ ಅನ್ನೋ ಹಂತಕ್ಕೆ ಹೋದ್ರೆ ಪೊಲೀಸರು ಬಾಗಿಲು ಒಡೀಬಹುದು, ಕೆಲವು ಕೇಸಲ್ಲಿ ಕೋರ್ಟಿಗೆ ಹೋಗ್ಬಹುದು, ಅಲ್ಲಿವರೆಗೂ ಬಾಗಿಲಲ್ಲಿ ನಿಂತವರಿಗೆ ಉತ್ತರ ಕೊಡೋದು ಒಳಗೆ ಕೂಡಿಹಾಕಿದವರೇ.