ಬ್ಯಾಟರಿ ಪದೇ ಪದೇ ಡೌನ್: ಕರೆಂಟ್ ಹೋಗ್ತಿರೋದು ಎಲ್ಲಿಗೆ?

ಕಾರಿನ ಬ್ಯಾಟರಿ ಒಂದು ಸಲ ಡೌನ್ ಆದರೆ ಯಾರೋ ಲೈಟ್ ಆರಿಸಲು ಮರೆತಿರಬಹುದು. ವಾರ ವಾರವೂ ಸೆಲ್ಫ್ ತೆಗೆದುಕೊಳ್ಳದಿದ್ದರೆ? ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಾಗಿರುವುದೇ ಇಲ್ಲ.

ಬ್ಯಾಟರಿಯೊಳಗೆ ಆರು ಸೆಲ್, ಒಂದೊಂದಕ್ಕೂ ಸುಮಾರು 2.1 ವೋಲ್ಟ್. ರಾತ್ರಿಯೆಲ್ಲಾ ನಿಂತ ಕಾರಿನಲ್ಲಿ 12.6 ತೋರಿಸಿದರೆ ಫುಲ್ ಚಾರ್ಜ್. 12 ಅಂದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಆಗಲೂ 12ರ ಹತ್ತಿರವೇ ಇದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ), ಅದರ ಬೆಲ್ಟ್, ವೈರಿಂಗ್ ನೋಡಿಸಬೇಕು. ಟರ್ಮಿನಲ್ ಸಡಿಲವಾಗಿದೆಯಾ, ಪುಡಿ ಕಟ್ಟಿದೆಯಾ ಅಂತಲೂ ನೋಡಿ.

ಇವೆಲ್ಲ ಸರಿ ಇದ್ದೂ ಡೌನ್ ಆಗುತ್ತಿದ್ದರೆ, ನಿಂತ ಕಾರಿನಲ್ಲೇ ಏನೋ ಕರೆಂಟ್ ಎಳೆಯುತ್ತಿರಬಹುದು. ಗಡಿಯಾರ, ಅಲಾರಾಂ, ಸೆಂಟ್ರಲ್ ಲಾಕ್‌ಗೆ ಸ್ವಲ್ಪ ಬೇಕೇ ಬೇಕು. ಅದು 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ, ದಿನಕ್ಕೆ 1.2 ಆಂಪ್-ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್) ಅಷ್ಟೇ. ಅರ್ಧ ಆಂಪ್ ಆದರೆ ದಿನಕ್ಕೆ 12! 45 ಆಂಪ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಬರಿದು. ಡಿಕ್ಕಿಯ ಲೈಟ್, ಡ್ಯಾಶ್‌ಕ್ಯಾಮ್, ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ ಮೇಲೆ ಮೊದಲು ಅನುಮಾನ ಪಡಿ.

ಹಿಡಿಯುವುದು ಹೇಗೆ? ಕೀ ತೆಗೆದು, ಕಾರು ಲಾಕ್ ಮಾಡಿ, ಅರ್ಧ ಗಂಟೆ ಸುಮ್ನೆ ಬಿಡಿ. ಕಾರಿನೊಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗುವವರೆಗೆ ಸಿಗುವ ಅಳತೆ ನಂಬುವಂಥದ್ದಲ್ಲ. ಆಮೇಲೆ ಫ್ಯೂಸ್ ಕೀಳಬೇಡಿ; ಮತ್ತೆ ಹಾಕುವಾಗ ಕೆಲವು ಕಂಪ್ಯೂಟರ್‌ಗಳು ಎದ್ದುಬಿಡುತ್ತವೆ. ಈಗಿನ ಬಹುತೇಕ ಫ್ಯೂಸ್‌ಗಳ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಕಾಣುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಎರಡೂ ಕಡ್ಡಿಗಳನ್ನು ಅಲ್ಲಿ ಮುಟ್ಟಿಸಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಏನೂ ಹರಿಯುತ್ತಿಲ್ಲ. ಒಂದರಲ್ಲಿ ಮಾತ್ರ ಎದ್ದು ಕಾಣುವಷ್ಟು ಬಂದರೆ ಕಳ್ಳ ಅಲ್ಲೇ ಇದ್ದಾನೆ. ಫ್ಯೂಸಿನ ಹೆಸರು ನೋಡಿ ಆ ವೈರ್ ಹಿಂದೆ ಹೋಗಿ. ಎಲ್ಲ ಫ್ಯೂಸೂ ಶುದ್ಧವಾಗಿದ್ದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಕೆಟ್ಟಿರಬಹುದು. ಎಂಜಿನ್ ನಿಂತಾಗ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವುದು ಅದೇ ಅಲ್ವಾ? ಮೆಕ್ಯಾನಿಕ್‌ಗೆ ಇದನ್ನು ಬಾಯಿಬಿಟ್ಟು ಹೇಳಿ.

ತಡಮಾಡಬಾರದು ಅನ್ನುವುದಕ್ಕೆ ಕಾರಣವಿದೆ. ಬ್ಯಾಟರಿ ಖಾಲಿಯಾಗುವಾಗ ಸೀಸದ ಪ್ಲೇಟ್‌ಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ, ಬಿಟ್ಟರೆ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಒಳ್ಳೆ ಬ್ಯಾಟರಿಯೂ ಚಾರ್ಜ್ ಹಿಡಿಯುವುದಿಲ್ಲ. ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿ ಊರಲ್ಲಿ ಹತ್ತು ನಿಮಿಷ ಓಡಿಸಿದರೆ ಸಾಲದು. ಚಾರ್ಜರ್‌ಗೆ ಹಾಕಿ, ನಾಲ್ಕೈದು ಆಂಪ್‌ನಲ್ಲಿ ರಾತ್ರಿಯಿಡೀ ನಿಧಾನವಾಗಿ ತುಂಬಿಸಿ.